ಕೋವಿ ಕೊಳ್ಳುವ ಮೊದಲು ಸ್ಪರ್ಧೆ ಯಾವುದೆಂದು ನಿಶ್ಚಯಿಸಿರಿ

ನಮ್ಮ ಕಡೆಯಲ್ಲಿ ಕೋವಿ ಎಂದರೆ ತೋಟದ ಕಾವಲಿನ ಸಾಧನ. ಹಂದಿಯ ಕಾಟದಿಂದ ಅಡಿಕೆ ಸಸಿ, ಬಾಳೆ, ಮರಗೆಣಸು ಉಳಿಸಿಕೊಳ್ಳಲು ಲೈಸನ್ಸು ಪಡೆದು ಜೋಡುನಳಿಗೆಯ ಕೋವಿ ಇಟ್ಟುಕೊಂಡ ಮನೆಗಳು ಹಳ್ಳಿಗಳಲ್ಲಿ ಅಲ್ಲೊಂದು ಇಲ್ಲೊಂದು ಇವೆ. 2022ರಲ್ಲಿ ಕೇರಳ ಸರಕಾರವು ಬೆಳೆ ಹಾಳುಮಾಡುವ ಕಾಡುಹಂದಿಗಳನ್ನು ಲೈಸನ್ಸುದಾರರಿಂದ ಹೊಡೆಸುವ ಅಧಿಕಾರವನ್ನು ಸ್ಥಳೀಯಾಡಳಿತ ಸಂಸ್ಥೆಗಳ ಮುಖ್ಯಸ್ಥರಿಗೆ ವಹಿಸಿಕೊಟ್ಟ ಮೇಲೆ ಕೋವಿಯ ಮಾತು ಮತ್ತಷ್ಟು ಬಳಕೆಗೆ ಬಂದಿದೆ.

ಆದರೆ ಕೋವಿಗೆ ಇನ್ನೊಂದು ಮುಖವೂ ಇದೆ. ಅದು ಕ್ರೀಡೆಯ ಸಲಕರಣೆ. 2004ರಲ್ಲಿ ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ ರಾಜ್ಯವರ್ಧನ ಸಿಂಗ್ ರಾಠೋಡ್ ಅವರು ಡಬಲ್ ಟ್ರ್ಯಾಪ್ ಸ್ಪರ್ಧೆಯಲ್ಲಿ ಬೆಳ್ಳಿಯ ಪದಕ ಗಳಿಸಿದರು. 2006ರಲ್ಲಿ ಮಾನವಜಿತ್ ಸಿಂಗ್ ಸಂಧು ಟ್ರ್ಯಾಪ್ ಸ್ಪರ್ಧೆಯಲ್ಲಿ ವಿಶ್ವ ಚಾಂಪಿಯನ್ ಆದರು. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಮಹೇಶ್ವರಿ ಚೌಹಾಣ್ ಮತ್ತು ಅನಂತಜೀತ್ ಸಿಂಗ್ ನರೂಕಾ ಜೋಡಿಗೆ ಮಿಶ್ರ ಸ್ಕೀಟ್ ಸ್ಪರ್ಧೆಯ ಕಂಚು ತಪ್ಪಿದ್ದು ಒಂದೇ ಒಂದು ಅಂಕದಿಂದ. ಇಂಥ ಸುದ್ದಿಗಳನ್ನು ಓದಿದ ತರುಣ ತರುಣಿಯರಿಗೆ ತಾವೂ ಈ ಕ್ರೀಡೆಗೆ ಇಳಿಯಬೇಕೆಂಬ ಆಸೆ ಹುಟ್ಟುವುದು ಸಹಜ. ಆಸೆಯ ಬೆನ್ನಿಗೇ ಬರುವ ಪ್ರಶ್ನೆ: ಯಾವ ಕೋವಿ ಕೊಳ್ಳುವುದು? ಇತ್ತೀಚೆಗೆ ಈ ಪ್ರಶ್ನೆ ವಿದೇಶೀ ಸೆಮಿ ಆಟೊಮೆಟಿಕ್ ಕೋವಿಗಳ ಸುತ್ತ ಸುತ್ತುತ್ತಿದೆ. ಬೆರೆಟ್ಟಾ ಒಳ್ಳೆಯದೋ, ಬೆನೆಲ್ಲಿ ಒಳ್ಳೆಯದೋ ಎಂಬ ಚರ್ಚೆ ಕೋವಿಯನ್ನು ಭುಜಕ್ಕಿಟ್ಟು ನೋಡದವರ ನಡುವೆಯೂ ನಡೆಯುತ್ತದೆ.

ಪ್ರಶ್ನೆಯನ್ನೇ ಬುಡಮೇಲು ಮಾಡಿ ಕೇಳಲಾಗುತ್ತಿದೆ ಎಂಬುದು ನಮ್ಮ ಅಭಿಪ್ರಾಯ. ಮೊದಲು ಸ್ಪರ್ಧೆ ಯಾವುದೆಂದು ನಿಶ್ಚಯಿಸಬೇಕು. ಅನಂತರ ಹೊಡೆಯುವವನ ದೇಹಕ್ಕೆ ಒಗ್ಗುವ ಅಳತೆ ನೋಡಬೇಕು. ಕೋವಿಯ ಒಳಗಿನ ಯಂತ್ರ, ಕಂಪೆನಿಯ ಹೆಸರು ಇವೆಲ್ಲ ಕೊನೆಗೆ. ಈ ಕ್ರಮ ತಪ್ಪಿದರೆ ಲಕ್ಷಗಟ್ಟಲೆ ಹಣ ಕೊಟ್ಟು ತಂದದ್ದು ಕಪಾಟಿನಲ್ಲಿ ತುಕ್ಕು ಹಿಡಿಯುತ್ತದೆ.

ಸೆಮಿ ಆಟೊಮೆಟಿಕ್ ಎಂದೊಡನೆ ಮೆಶಿನ್ ಗನ್ ಎಂದು ಭಾವಿಸತಕ್ಕದ್ದಲ್ಲ. ಟ್ರಿಗರ್ ಒಮ್ಮೆ ಎಳೆದರೆ ಒಂದೇ ತೋಟೆ ಸಿಡಿಯುತ್ತದೆ. ಖಾಲಿ ತೋಟೆಯನ್ನು ಹೊರಕ್ಕೆಸೆದು ಮುಂದಿನ ತೋಟೆಯನ್ನು ನಳಿಗೆಗೆ ಏರಿಸುವ ಕೆಲಸವನ್ನು ಮಾತ್ರ ಕೋವಿಯೇ ಮಾಡಿಕೊಳ್ಳುತ್ತದೆ. ಇಂಥ ಕೋವಿಯನ್ನು ಮೊದಲು ಯಶಸ್ವಿಯಾಗಿ ರೂಪಿಸಿದವರು ಅಮೆರಿಕದ ಜಾನ್ ಬ್ರೌನಿಂಗ್. ಅಮೆರಿಕದ ಕಂಪೆನಿಯೊಂದಿಗೆ ಸಂಬಂಧ ಮುರಿದ ಕಾರಣ ಅವರು ಬೆಲ್ಜಿಯಂಗೆ ಹೋಗಿ ಅಲ್ಲಿನ ಕಾರ್ಖಾನೆಯಲ್ಲಿ ಅದನ್ನು ಮಾಡಿಸಿದರು. ಅವರ ಆಟೊ-5 ಎಂಬ ಆ ಕೋವಿಯಲ್ಲಿ ಗುಂಡು ಸಿಡಿದಾಗ ನಳಿಗೆಯೇ ಹಿಂದಕ್ಕೆ ಸರಿಯುತ್ತಿತ್ತು. ಇಂದಿನವು ಮುಖ್ಯವಾಗಿ ಎರಡು ಬಗೆ. ಮೊದಲನೆಯದರಲ್ಲಿ ನಳಿಗೆಯ ಸಣ್ಣ ತೂತುಗಳಿಂದ ಮದ್ದಿನ ಗ್ಯಾಸು ಸ್ವಲ್ಪ ಹೊರಬಂದು ಪಿಸ್ಟನನ್ನು ಹಿಂದಕ್ಕೆ ತಳ್ಳುತ್ತದೆ. 1963ರಲ್ಲಿ ಬಂದ ರೆಮಿಂಗ್ಟನ್ 1100, ಈಗಿನ ಬೆರೆಟ್ಟಾ ಎ400 ಇವೆಲ್ಲ ಈ ಜಾತಿಯವು. ಎರಡನೆಯದು ಇಟಲಿಯ ಉರ್ಬಿನೋ ಊರಿನಲ್ಲಿ 1967ರಲ್ಲಿ ಆರಂಭವಾದ ಬೆನೆಲ್ಲಿ ಕಂಪೆನಿ ಪ್ರಸಿದ್ಧಿಗೆ ತಂದ ಬಗೆ. ಕೋವಿ ಒದೆದು ಹಿಂದಕ್ಕೆ ಬರುವಾಗ ಭಾರದ ಬೋಲ್ಟು ಇದ್ದಲ್ಲೇ ನಿಲ್ಲಲು ನೋಡುತ್ತದೆ, ನಡುವಿನ ಸ್ಪ್ರಿಂಗು ಅದುಮಿಕೊಂಡು ಮರುಕ್ಷಣ ಬೋಲ್ಟನ್ನು ಹಿಂದಕ್ಕೆ ಎಸೆಯುತ್ತದೆ.

ಎರಡರ ಗುಣದೋಷಗಳೂ ಸ್ಪಷ್ಟ. ಗ್ಯಾಸಿನ ಕೋವಿಯಲ್ಲಿ ಒದೆತದ ಪೆಟ್ಟು ಸ್ವಲ್ಪ ಹೆಚ್ಚು ಕಾಲಕ್ಕೆ ಹಂಚಿಹೋಗುವುದರಿಂದ ಭುಜಕ್ಕೆ ಮೆತ್ತಗೆನಿಸುತ್ತದೆ. ಆದರೆ ಮಸಿ ಕಟ್ಟುವುದು ಹೆಚ್ಚು, ಆಗಾಗ ಬಿಚ್ಚಿ ತೊಳೆಯಲೇಬೇಕು. ಇನ್ನೊಂದು ಬಗೆಯದು ಹಗುರ, ಒಳಗೆ ಚೊಕ್ಕಟ. ಆದರೆ ಒದೆಯುವುದು ಜೋರು, ಭುಜಕ್ಕೆ ಸರಿಯಾಗಿ ಒತ್ತಿ ಹಿಡಿಯದಿದ್ದರೆ ಕೈಕೊಡುವುದೂ ಉಂಟು. ವರ್ಷಕ್ಕೆ ಸುಮಾರು ಮೂರೂವರೆ ಸಾವಿರ ಮಿಲಿಮೀಟರ್ ಮಳೆ ಸುರಿಯುವ ನಮ್ಮ ಜಿಲ್ಲೆಯಂಥ ಕಡೆ ಕೋವಿ ತೊಳೆಯಲು ಸೋಮಾರಿತನ ಮಾಡುವವನು ಯಾವ ಬಗೆಯದನ್ನೂ ಕೊಳ್ಳದಿರುವುದೇ ಲೇಸು. ತೆಂಗಿನೆಣ್ಣೆ ಹಚ್ಚಿದರೆ ಸಾಕೆಂದು ತಿಳಿಯುವವರಿಗೆ ಒಂದು ಮಾತು: ಅದು ಕಾಲಕ್ರಮದಲ್ಲಿ ಅಂಟಾಗುತ್ತದೆ. ಜೋಡುನಳಿಗೆಯ ಕೋವಿ ಅದನ್ನು ಸಹಿಸಿಕೊಂಡೀತು, ಸೆಮಿ ಆಟೊಮೆಟಿಕ್ ಸಹಿಸಲಾರದು.

ಈಗ ಸ್ಪರ್ಧೆಯ ವಿಚಾರ. ಒಲಿಂಪಿಕ್ಸ್‌ನಲ್ಲಿರುವವು ಟ್ರ್ಯಾಪ್ ಮತ್ತು ಸ್ಕೀಟ್. ಎರಡರಲ್ಲೂ ಗುರಿಯು 11 ಸೆಂಟಿಮೀಟರ್ ಅಗಲದ, ಸುಮಾರು 105 ಗ್ರಾಂ ತೂಕದ ಹಾರುವ ತಟ್ಟೆ. ಕೈಲ್‌ಪೋದ್ ಹಬ್ಬದಂದು ನೆರೆಯ ಕೊಡಗಿನಲ್ಲಿ ಮರದ ಮೇಲೆ ಕಟ್ಟಿದ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯವನ್ನು ನಮ್ಮಲ್ಲಿ ಹಲವರು ನೋಡಿರಬಹುದು. ಅಲ್ಲಿ ಗುರಿ ನಿಂತಿರುತ್ತದೆ, ಕಣ್ಣು ಕೈ ಸ್ಥಿರವಾಗಿದ್ದರೆ ಸಾಕು. ಇಲ್ಲಿ ಗುರಿ ಹಾರುತ್ತದೆ, ಕೋವಿ ಅದರೊಡನೆ ತಿರುಗಬೇಕು, ತಟ್ಟೆ ಹೋಗಿ ತಲಪುವ ಜಾಗಕ್ಕೆ ಚರೆಯನ್ನು ಕಳುಹಿಸಬೇಕು. ಟ್ರ್ಯಾಪ್‌ನಲ್ಲಿ ತಟ್ಟೆ ಎದುರಿನ ಕಂದಕದಿಂದ ಹೊರಟು ದೂರ ದೂರಕ್ಕೆ ಓಡುತ್ತದೆ. ಅರ್ಹತಾ ಸುತ್ತಿನಲ್ಲಿ ಒಂದು ತಟ್ಟೆಗೆ ಎರಡು ಗುಂಡು ಹೊಡೆಯಬಹುದು. ಸ್ಕೀಟ್‌ನಲ್ಲಿ ಎಡಬಲದ ಎರಡು ಗೂಡುಗಳಿಂದ ತಟ್ಟೆಗಳು ಅಡ್ಡಡ್ಡ ಹಾರುತ್ತವೆ, ಒಮ್ಮೊಮ್ಮೆ ಎರಡೂ ಒಟ್ಟಿಗೆ. ಅಲ್ಲಿ ತಟ್ಟೆಯೊಂದಕ್ಕೆ ಗುಂಡು ಒಂದೇ.

ಅಂತರರಾಷ್ಟ್ರೀಯ ನಿಯಮವು ಸೆಮಿ ಆಟೊಮೆಟಿಕ್ ಕೋವಿಯನ್ನು ಈ ಸ್ಪರ್ಧೆಗಳಿಂದ ಹೊರಗಿಟ್ಟಿಲ್ಲ. ನಿಷೇಧವಿರುವುದು ಪಂಪ್ ಮಾಡಿ ತೋಟೆ ಏರಿಸುವ ಬಗೆಗೆ. ತೋಟೆಯ ಚರೆ 24 ಗ್ರಾಂ ಮೀರಬಾರದು, ಮ್ಯಾಗಜೀನಿನಲ್ಲಿ ಒಂದಕ್ಕಿಂತ ಹೆಚ್ಚು ತೋಟೆ ಹಿಡಿಯದಂತೆ ಅಡ್ಡಿ ಹಾಕಿರಬೇಕು. ಇಷ್ಟಿದ್ದರೂ ಪದಕ ಗೆಲ್ಲುವವರ ಕೈಯಲ್ಲಿ ಬಹುಮಟ್ಟಿಗೆ ಕಾಣುವುದು ಒಂದರ ಮೇಲೊಂದು ನಳಿಗೆಯಿರುವ ಕೋವಿಯೇ. ಇದಕ್ಕೆ ಕಾರಣ ಅಂತಸ್ತಿನ ಆಡಂಬರವೆಂದು ಕೆಲವರು ಹೇಳುವುದುಂಟು. ನಿಜವಾದ ಕಾರಣ ಬೇರೆ. ಟ್ರ್ಯಾಪ್‌ನಲ್ಲಿ ಮೊದಲ ಗುಂಡಿಗಿಂತ ಎರಡನೆಯದು ಹೆಚ್ಚು ದೂರದಲ್ಲಿ ತಟ್ಟೆಯನ್ನು ಮುಟ್ಟಬೇಕು. ಚರೆ ಎಷ್ಟು ಬೇಗ ಹರಡಬೇಕೆಂಬುದನ್ನು ನಿಶ್ಚಯಿಸುವುದು ನಳಿಗೆಯ ತುದಿಯ ಇಕ್ಕಟ್ಟು, ಅಂದರೆ ಚೋಕು. ಎರಡು ನಳಿಗೆ ಇದ್ದರೆ ಎರಡು ಬಗೆಯ ಚೋಕು, ಸೆಮಿ ಆಟೊಮೆಟಿಕ್‌ನಲ್ಲಿ ಎರಡು ಗುಂಡಿಗೂ ಒಂದೇ. ಮತ್ತೊಂದು ಕಾರಣ ನಂಬಿಕೆ. ಹಗುರವಾದ 24 ಗ್ರಾಂ ತೋಟೆಗೆ ಕೆಲವು ಸೆಮಿ ಆಟೊಮೆಟಿಕ್ ಕೋವಿಗಳು ಸರಿಯಾಗಿ ಓಡುವುದಿಲ್ಲ. ಕೋವಿ ಕೈಕೊಟ್ಟರೆ ನಿಯಮ ಕೊಡುವ ರಿಯಾಯತಿಗೂ ಮಿತಿಯಿದೆ.

ಆದುದರಿಂದ ಟ್ರ್ಯಾಪ್‌ನ ಗುರಿಯುಳ್ಳವರು ಸೆಮಿ ಆಟೊಮೆಟಿಕ್‌ನ ಮೋಹ ಬಿಡುವುದು ಒಳ್ಳೆಯದು. ಸ್ಕೀಟ್‌ನಲ್ಲಿ ಅಂತರ ಹತ್ತಿರದ್ದು, ಒಂದೇ ಚೋಕು ಸಾಕಾಗುತ್ತದೆ. ಅಮೆರಿಕದ ಸ್ಕೀಟ್ ಮೈದಾನಗಳಲ್ಲಿ ರೆಮಿಂಗ್ಟನ್ 1100 ಬಹುಕಾಲ ಜನಪ್ರಿಯವಾಗಿದ್ದುದಕ್ಕೆ ಇದೂ ಒಂದು ಕಾರಣ. ಸೆಮಿ ಆಟೊಮೆಟಿಕ್ ನಿಜವಾಗಿ ದೊರೆಯಾಗಿರುವುದು ಅದೇ ದೇಶದಲ್ಲಿ ನಡೆಯುವ ತ್ರೀ-ಗನ್ ಮತ್ತು ಪ್ರಾಕ್ಟಿಕಲ್ ಪಂದ್ಯಗಳಲ್ಲಿ. ಅಲ್ಲಿ ಓಡುತ್ತಾ, ತಿರುಗುತ್ತಾ ಅನೇಕ ಗುರಿಗಳನ್ನು ಗಡಿಯಾರಕ್ಕೆ ಎದುರಾಗಿ ಹೊಡೆಯಬೇಕು. ತೋಟೆ ಹೆಚ್ಚು ಹಿಡಿಯುವ ಉದ್ದನೆಯ ಮ್ಯಾಗಜೀನ್, ಬೆರಳಿಗೆ ತಾಗದಂತೆ ಅಗಲಿಸಿದ ತೋಟೆಯ ಬಾಯಿ, ಎಂಥ ತೋಟೆ ಕೊಟ್ಟರೂ ನಿಲ್ಲದ ಓಟ ಇವೇ ಅಲ್ಲಿ ಮುಖ್ಯ. ಆ ಪಂದ್ಯಕ್ಕೆಂದು ಬರೆದ ಹೊಗಳಿಕೆಯನ್ನು ಓದಿ ಇಲ್ಲಿ ಟ್ರ್ಯಾಪ್‌ಗೆ ಕೋವಿ ಆರಿಸುವುದೆಂದರೆ ಭತ್ತದ ಗದ್ದೆಗೆ ಅಡಿಕೆ ತೋಟದ ಗೊಬ್ಬರದ ಲೆಕ್ಕ ಹಾಕಿದಂತೆ.

ಇನ್ನು ಅಳತೆಯ ಮಾತು. ರೈಫಲಿನಲ್ಲಿ ಗುರಿ ನೋಡಲು ಹಿಂದೆ ಮುಂದೆ ಎರಡು ಗುರುತುಗಳಿರುತ್ತವೆ. ಚರೆ ಕೋವಿಯಲ್ಲಿ ಹಿಂದಿನ ಗುರುತು ಹೊಡೆಯುವವನ ಕಣ್ಣೇ. ಕೋವಿಯ ಬಟ್ಟಿಗೆ ಕೆನ್ನೆ ತಾಗುವ ಎತ್ತರ ಸ್ವಲ್ಪ ಹೆಚ್ಚುಕಮ್ಮಿಯಾದರೂ ಚರೆ ತಟ್ಟೆಯ ಮೇಲಿನಿಂದಲೋ ಕೆಳಗಿನಿಂದಲೋ ಹೋಗಿಬಿಡುತ್ತದೆ. ಬಟ್ಟಿನ ಉದ್ದ, ಕೆನ್ನೆಯ ಎತ್ತರ, ಎಡಕ್ಕೋ ಬಲಕ್ಕೋ ಇರುವ ಬಾಗು ಈ ಮೂರನ್ನೂ ನೋಡದೆ ಕೊಂಡ ಕೋವಿ ಇನ್ನೊಬ್ಬರ ಕನ್ನಡಕ ಹಾಕಿಕೊಂಡಂತೆ. ಇಲ್ಲಿ ಸೆಮಿ ಆಟೊಮೆಟಿಕ್‌ಗಳಿಗೆ ಒಂದು ಅನುಕೂಲ ಉಂಟು. ಬಟ್ಟಿನ ಬುಡದಲ್ಲಿ ಸೇರಿಸುವ ತೆಳ್ಳಗಿನ ಬಿಲ್ಲೆಗಳನ್ನು ಹಲವು ಕಂಪೆನಿಗಳು ಕೋವಿಯೊಂದಿಗೇ ಕೊಡುತ್ತವೆ. ಅವನ್ನು ಬದಲಿಸಿ ಎತ್ತರ, ಬಾಗು ಹೊಂದಿಸಿಕೊಳ್ಳಬಹುದು. ಸಪೂರ ಮೈಕಟ್ಟಿನ ಹುಡುಗ ಹುಡುಗಿಯರಿಗೆ ಒದೆತ ಕಡಿಮೆಯೆಂಬುದೂ ಸಣ್ಣ ಅನುಕೂಲವಲ್ಲ. ಒದೆತಕ್ಕೆ ಹೆದರಿ ಟ್ರಿಗರ್ ಎಳೆಯುವಾಗ ಕಣ್ಣು ಮುಚ್ಚುವ ಚಾಳಿ ಒಮ್ಮೆ ಹತ್ತಿದರೆ ಬಿಡಿಸುವುದು ಬಹಳ ಕಷ್ಟ. ಎಡಗೈಯವರು ಮಾತ್ರ ಖಾಲಿ ತೋಟೆ ಯಾವ ಕಡೆಗೆ ಹಾರುತ್ತದೆಂದು ನೋಡಿಕೊಳ್ಳತಕ್ಕದ್ದು. ಸಾಮಾನ್ಯ ಕೋವಿಯಲ್ಲಿ ಅದು ಅವರ ಮುಖದ ಮುಂದಿನಿಂದಲೇ ಹಾರಿಹೋಗುತ್ತದೆ.

ಸುರಕ್ಷಿತತೆಯ ದೃಷ್ಟಿಯಿಂದಲೂ ಯೋಚಿಸಬೇಕು. ಮಡಚುವ ಕೋವಿಯನ್ನು ಮಡಚಿ ಹಿಡಿದರೆ ತೋಟೆ ಇಲ್ಲವೆಂಬುದು ಹತ್ತು ಮಾರು ದೂರದವನಿಗೂ ಕಾಣುತ್ತದೆ. ಸೆಮಿ ಆಟೊಮೆಟಿಕ್‌ನ ಹೊಟ್ಟೆ ಖಾಲಿಯೋ ತುಂಬಿದೆಯೋ ಎಂದು ಹೊರಗಿನಿಂದ ಹೇಳಲಾಗದು. ಆದ ಕಾರಣವೇ ಬೋಲ್ಟು ತೆರೆದಿಟ್ಟು, ನಳಿಗೆಯ ಬಾಯಲ್ಲಿ ಬಣ್ಣದ ಗುರುತುಪಟ್ಟಿ ಸಿಕ್ಕಿಸಿ ಒಯ್ಯುವ ಪದ್ಧತಿ. ಮಕ್ಕಳಿರುವ ಮನೆಗೆ ಕೋವಿ ತರುವವರು ಬೀಗದ ಕಬ್ಬಿಣದ ಕಪಾಟನ್ನು ಕೋವಿಯ ಬೆಲೆಯೊಳಗೇ ಸೇರಿಸಿ ಲೆಕ್ಕ ಹಾಕಬೇಕು.

ಕಾನೂನಿನ ಅಂಶವನ್ನು ಹಲವರು ಕೊನೆಗೆ ಕೇಳುತ್ತಾರೆ. ಮೊದಲೇ ಕೇಳಬೇಕಾದದ್ದು ಇದು. ನಮ್ಮ ದೇಶದ 2016ರ ಆಯುಧ ನಿಯಮಗಳಲ್ಲಿ ಪಿಸ್ತೂಲು ಬಿಟ್ಟು ಉಳಿದ ಸೆಮಿ ಆಟೊಮೆಟಿಕ್ ಕೋವಿಗಳು ನಿರ್ಬಂಧಿತ ವರ್ಗಕ್ಕೆ ಸೇರಿವೆ. ತೋಟ ಕಾಯುವ ಜೋಡುನಳಿಗೆಗೆ ಸಿಗುವ ಸಾಮಾನ್ಯ ಲೈಸನ್ಸು ಅದಕ್ಕೆ ಸಾಲದು. 2019ರ ತಿದ್ದುಪಡಿಯು ಸಾಮಾನ್ಯ ಲೈಸನ್ಸುದಾರನು ಇಟ್ಟುಕೊಳ್ಳಬಹುದಾದ ಕೋವಿಗಳ ಸಂಖ್ಯೆಯನ್ನು ಮೂರರಿಂದ ಎರಡಕ್ಕೆ ಇಳಿಸಿತು. ಕ್ರೀಡಾಪಟುಗಳಿಗೆ ಪ್ರತ್ಯೇಕ ಅವಕಾಶಗಳಿವೆ, ಆದರೆ ಅವು ಸಾಧನೆ ತೋರಿಸಿದವರಿಗೆ. ಹೀಗಿರುವಾಗ ಆರಂಭದಲ್ಲೇ ವಿದೇಶೀ ಸೆಮಿ ಆಟೊಮೆಟಿಕ್‌ನ ಕನಸು ಕಾಣುವವನು ಕಚೇರಿಯ ಬಾಗಿಲಲ್ಲೇ ವರ್ಷ ಕಳೆದಾನು. ಮಾತು ಕೊಟ್ಟು ಮುಂಗಡ ಕೇಳುವ ಮಧ್ಯವರ್ತಿಗಳಿಂದ ದೂರವಿರುವುದು ಕ್ಷೇಮ.

ಖರ್ಚಿನ ಲೆಕ್ಕವನ್ನೂ ತಂದೆತಾಯಂದಿರು ಒಮ್ಮೆ ಕೂತು ಹಾಕಲಿ. ಒಂದು ಸುತ್ತಿಗೆ 25 ತಟ್ಟೆ. ದಿನಕ್ಕೆ ನಾಲ್ಕು ಸುತ್ತು, ವಾರಕ್ಕೆ ಎರಡು ದಿನ, ವರ್ಷಕ್ಕೆ ನಲವತ್ತು ವಾರ ಎಂದರೆ 8,000 ತಟ್ಟೆ, ಕಡಿಮೆಯೆಂದರೂ ಅಷ್ಟೇ ತೋಟೆ. ಕೆಲವೇ ವರ್ಷಗಳಲ್ಲಿ ತೋಟೆಯ ಬೆಲೆ ಕೋವಿಯ ಬೆಲೆಯನ್ನು ನುಂಗಿಹಾಕುತ್ತದೆ. ಮೇಲಾಗಿ ಚರೆ ಸುಮಾರು 200 ಮೀಟರ್‌ವರೆಗೆ ಹಾರುವುದರಿಂದ ಇದರ ಅಭ್ಯಾಸಕ್ಕೆ ಮನೆಯಿಲ್ಲದ, ಜನ ಓಡಾಡದ ವಿಶಾಲ ಬಯಲು ಬೇಕು. ಮನೆಗೊಂದು ತೋಟ, ತೋಟಕ್ಕೊಂದು ಮನೆ ಎಂಬಂತಿರುವ ನಮ್ಮ ಊರುಗಳಲ್ಲಿ ಯಾರೂ ಸ್ವಂತ ಜಾಗದಲ್ಲಿ ಇದನ್ನು ನಡೆಸಲಾರರು. 1982ರ ಏಷ್ಯನ್ ಕ್ರೀಡೆಗಳಿಗಾಗಿ ದೆಹಲಿಯ ತುಘಲಕಾಬಾದಿನಲ್ಲಿ ಕಟ್ಟಿದ, ಈಗ ಕರ್ಣಿ ಸಿಂಗ್ ಅವರ ಹೆಸರಿರುವ ಮೈದಾನದಂಥದ್ದು ಪ್ರತಿ ಜಿಲ್ಲೆಗೆ ಬರಲಾರದು ನಿಜ. ಆದರೆ ಉತ್ತರ ಕೇರಳಕ್ಕೆ ಒಂದಾದರೂ ಮೈದಾನ, ಅಲ್ಲಿ ಬಟ್ಟಿನ ಅಳತೆ ಹೊಂದಿಸಬಹುದಾದ ನಾಲ್ಕಾರು ಕೋವಿ, ಒಬ್ಬ ತಿಳಿದ ತರಬೇತುದಾರ ಇಷ್ಟನ್ನು ಸರಕಾರವೂ ಕ್ರೀಡಾ ಸಂಸ್ಥೆಗಳೂ ಒದಗಿಸಬೇಕೆಂದು ಕೇಳುವುದು ಅತಿಯಾಸೆಯಲ್ಲ. ಕೋವಿ ಕೊಳ್ಳಬಲ್ಲವರ ಮಕ್ಕಳಿಗೆ ಮಾತ್ರ ಮೀಸಲಾದ ಕ್ರೀಡೆ ಸಾರ್ವಜನಿಕ ಕ್ರೀಡೆ ಎನಿಸಿಕೊಳ್ಳಲಾರದು. ತನ್ನ ಮಗಳ ಕೈ ನೇರವಾಗಿದೆಯೋ ಇಲ್ಲವೋ ಎಂದು ತಿಳಿಯಲು ಬಡ ಕೃಷಿಕನೊಬ್ಬ ಮೊದಲು ಲಕ್ಷ ರೂಪಾಯಿ ಸುರಿಯಬೇಕಾಗಿ ಬರಬಾರದು.

ಅಷ್ಟರವರೆಗೆ ನಮ್ಮ ತರುಣರಿಗೆ ಹೇಳಬಹುದಾದದ್ದು ಇಷ್ಟೇ. ಮಾನ್ಯತೆಯಿರುವ ರೈಫಲ್ ಅಸೋಸಿಯೇಶನಿನ ಸದಸ್ಯರಾಗಿ, ಅಲ್ಲಿನ ಕೋವಿಯಲ್ಲಿ ಕೆಲವು ನೂರು ತೋಟೆ ಹೊಡೆದು ನೋಡಿರಿ. ಟ್ರ್ಯಾಪ್ ಬೇಕೋ ಸ್ಕೀಟ್ ಬೇಕೋ ಎಂಬುದನ್ನು ಭುಜವೂ ಕಣ್ಣೂ ಆಗ ತಾವಾಗಿಯೇ ಹೇಳುತ್ತವೆ. ಕೊಳ್ಳುವ ದಿನ ಬಂದಾಗ ಕೋವಿಯನ್ನು ಕೈಗೆತ್ತಿಕೊಂಡು, ಕಣ್ಣು ಮುಚ್ಚಿ ಭುಜಕ್ಕೇರಿಸಿ, ಅನಂತರ ಕಣ್ಣು ತೆರೆಯಿರಿ. ನೋಟ ನಳಿಗೆಯ ಮೇಲೆ ನೆಟ್ಟಗೆ ಹರಿದರೆ ಬೆಲೆ ಕೇಳಿರಿ. ಹರಿಯದಿದ್ದರೆ ಎಷ್ಟೇ ದೊಡ್ಡ ಹೆಸರಿನದಾದರೂ ಅಂಗಡಿಯಲ್ಲೇ ಬಿಟ್ಟು ಬನ್ನಿರಿ.