ಸದ್ದೇ ಶಕ್ತಿಯಲ್ಲ

ಕೆನಡಾ ದೇಶದ ಕ್ವಿಬೆಕ್ ಪ್ರಾಂತದಲ್ಲಿ ವಾಲ್‌ಕೂರ್ ಎಂಬುದೊಂದು ಸಣ್ಣ ಊರು. 1934ರ ಚಳಿಗಾಲದಲ್ಲಿ ಅಲ್ಲಿನ ಗ್ಯಾರೇಜೊಂದರ ಒಡೆಯನಾಗಿದ್ದ ಜೋಸೆಫ್ ಅರ್ಮಾನ್ ಬೊಂಬಾರ್ಡಿಯೆಯ ಎರಡು ವರ್ಷದ ಮಗನಿಗೆ ಹೊಟ್ಟೆಯ ಬೇನೆ ವಿಷಮಿಸಿತು. ದಾರಿಗಳೆಲ್ಲ ಹಿಮದಲ್ಲಿ ಹುದುಗಿಹೋಗಿದ್ದುವು. ಆಸ್ಪತ್ರೆಗೆ ಒಯ್ಯುವ ಬಗೆ ಕಾಣದೆ ಮಗು ತೀರಿಕೊಂಡಿತು. ಹಿಮದ ಮೇಲೆ ಓಡುವ ಬಂಡಿಯನ್ನು ಕಟ್ಟಬೇಕೆಂಬ ಹಂಬಲ ಆತನಿಗೆ ಎಳವೆಯಿಂದಲೇ ಇದ್ದಿತು. ಈ ಸಾವಿನ ತರುವಾಯ ಅದು ಹಟವಾಯಿತು. 1937ರಲ್ಲಿ ಆತನ ಯಂತ್ರಕ್ಕೆ ಪೇಟೆಂಟು ದೊರಕಿತು. ವೈದ್ಯರೂ ಅಂಚೆಯವರೂ ಶಾಲೆಯ ಮಕ್ಕಳೂ ಆತನ ಬಂಡಿಗಳಲ್ಲಿ ಹಿಮವನ್ನು ದಾಟಿದರು. ಒಬ್ಬಿಬ್ಬರು ಏರಿ ಸವಾರಿಮಾಡಬಹುದಾದ ಸ್ಕೀ-ಡೂ ಎಂಬ ಹಗುರ ಗಾಡಿ 1959ರಲ್ಲಿ ಹೊರಬಂದಿತು. ಸ್ನೋಮೊಬೈಲ್ ಎಂದು ಇಂದು ನಾವು ಕೇಳುವ ವಾಹನ ಈ ವಂಶದ್ದೇ.

ಆಪತ್ತಿಗಾಗಿ ಹುಟ್ಟಿದ ಆ ಬಂಡಿ ಈಗ ಬಹುಮಟ್ಟಿಗೆ ವಿನೋದದ ವಾಹನ. ಅದರ ಬೆನ್ನಿಗೇ ಬಿಡಿಭಾಗಗಳ ದೊಡ್ಡ ಪೇಟೆಯೊಂದು ಬೆಳೆದಿದೆ. ತಯಾರಕರು ಕೂಡಿಸಿ ಕೊಟ್ಟ ಸೈಲೆನ್ಸರನ್ನು ಕಳಚಿ ಬೇರೊಂದನ್ನು ತೊಡಿಸಿದರೆ ಗಾಡಿಯ ಬಲ ಹೆಚ್ಚುವುದೆಂದು ಎಷ್ಟೋ ತರುಣರ ನಂಬಿಕೆ. ಇದರಲ್ಲಿ ನಿಜವೆಷ್ಟು, ಭ್ರಮೆಯೆಷ್ಟು?

ನಿಜವಿಲ್ಲದೆ ಇಲ್ಲ. ಅನೇಕ ಸ್ನೋಮೊಬೈಲುಗಳದ್ದು ಟೂ-ಸ್ಟ್ರೋಕ್ ಎಂಜಿನ್. 1961ರಿಂದ ನಮ್ಮ ಮೈಸೂರಿನಲ್ಲಿ ತಯಾರಾದ ಜಾವಾ, ಬಳಿಕ ಬಂದ ಯೆಜ್ದಿ ಮೋಟಾರ್‌ಸೈಕಲುಗಳದ್ದೂ ಇದೇ ಜಾತಿ. ಇಂಥ ಎಂಜಿನಿನಲ್ಲಿ ಸುಟ್ಟ ಹೊಗೆ ಹೊರಗೆ ಹೋಗುವುದೂ ಹೊಸ ಇಂಧನ ಒಳಗೆ ಬರುವುದೂ ಹೆಚ್ಚುಕಡಮೆ ಒಂದೇ ಗಳಿಗೆಯಲ್ಲಿ. ಆದುದರಿಂದ ಹೊಸತರಲ್ಲಿ ಒಂದು ಪಾಲು ಹೊಗೆಯೊಡನೆಯೇ ಜಾರಿಹೋಗುತ್ತದೆ. ಅದನ್ನು ತಡೆಯುವುದು ನಡುವೆ ಹೊಟ್ಟೆಯುಬ್ಬಿದ ಪೈಪಿನ ಕೆಲಸ. ಅಗಲವಾಗುತ್ತ ಹೋಗುವ ಅದರ ಮೊದಲ ಭಾಗ ಸೆಳೆತದ ಅಲೆಯೊಂದನ್ನು ಹುಟ್ಟಿಸಿ ಹೊಗೆಯನ್ನು ಹೀರುತ್ತದೆ. ಮುಂದೆ ಕಿರಿದಾಗುವ ಭಾಗಕ್ಕೆ ಬಡಿದ ಒತ್ತಡದ ಅಲೆ ಹಿಂದಿರುಗಿ, ಜಾರಿಬಂದ ಇಂಧನವನ್ನು ದ್ವಾರ ಮುಚ್ಚುವ ಮೊದಲೇ ಸಿಲಿಂಡರಿನೊಳಕ್ಕೆ ನೂಕುತ್ತದೆ. ಎಂಜಿನ್ ನಿಮಿಷಕ್ಕೆ 8,000 ಸುತ್ತು ತಿರುಗುತ್ತಿದ್ದರೆ ಈ ವ್ಯಾಪಾರ ಸೆಕೆಂಡಿಗೆ 130ಕ್ಕೂ ಹೆಚ್ಚು ಬಾರಿ ನಡೆಯಬೇಕು! ಕೊಳಲಿನ ಉದ್ದಕ್ಕೆ ತಕ್ಕಂತೆ ಸ್ವರ. ಪೈಪಿನ ಉದ್ದಕ್ಕೆ ತಕ್ಕಂತೆ ಅದು ಫಲಿಸುವ ವೇಗ.

ಈ ವಿದ್ಯೆಯನ್ನು ಪಳಗಿಸಿದವರಲ್ಲಿ ಅಗ್ರಗಣ್ಯನು ಪೂರ್ವ ಜರ್ಮನಿಯ ವಾಲ್ಟರ್ ಕಾಡೆನ್. ಎಂ.ಝಡ್. ಕಾರ್ಖಾನೆಯಲ್ಲಿ ಆತನು ರೂಪಿಸಿದ 125 ಸಿ.ಸಿ. ರೇಸ್ ಎಂಜಿನ್ 1961ರ ವೇಳೆಗೆ 25 ಅಶ್ವಶಕ್ತಿಯನ್ನು ಮುಟ್ಟಿತು. ಅದೇ ವರ್ಷ ಆತನ ಸವಾರನಾದ ಅರ್ನ್ಸ್ಟ್ ಡೆಗ್ನರ್ ಪಶ್ಚಿಮಕ್ಕೆ ಓಡಿಬಂದು, ಆ ಗುಟ್ಟನ್ನು ಜಪಾನಿನ ಸುಜುಕಿಯವರಿಗೆ ಒಪ್ಪಿಸಿದನು. 1962ರಲ್ಲಿ ಅವರ ಗಾಡಿಯ ಮೇಲೆಯೇ 50 ಸಿ.ಸಿ. ವಿಶ್ವ ಪ್ರಶಸ್ತಿಯನ್ನು ಗೆದ್ದನು. ಒಂದು ತಗಡಿನ ಕೊಳವೆಗೆ ಇಷ್ಟು ಬೆಲೆ ಬಂದಿದ್ದಿತು.

ಆದರೆ ಪೈಪೊಂದನ್ನೇ ಬದಲಿಸುವುದು ವೀಣೆಯ ಒಂದೇ ತಂತಿಯನ್ನು ಬಿಗಿದು ಉಳಿದುವನ್ನು ಮರೆತಂತೆ. ಎಂಜಿನ್ ಹೆಚ್ಚು ಗಾಳಿಯನ್ನು ಎಳೆದುಕೊಂಡರೆ ಅದಕ್ಕೆ ತಕ್ಕ ಪೆಟ್ರೋಲನ್ನೂ ಒದಗಿಸಬೇಕು. ಇಲ್ಲವಾದರೆ ಉರಿ ಅತಿಯಾಗಿ ಪಿಸ್ಟನ್ನಿನ ತಲೆಯೇ ಕರಗೀತು. ಚಳಿ ಏರಿದಂತೆ ಗಾಳಿ ಸಾಂದ್ರ, ಬೆಟ್ಟ ಏರಿದಂತೆ ವಿರಳ. ಹಿಂದೆ ಇದಕ್ಕಾಗಿ ಕಾರ್ಬುರೇಟರಿನ ಜೆಟ್ಟುಗಳನ್ನು ಬದಲಿಸುತ್ತಿದ್ದರು. ಇಂದಿನ ಗಾಡಿಗಳಲ್ಲಿ ಕಂಪ್ಯೂಟರಿನ ಲೆಕ್ಕವನ್ನೇ ತಿದ್ದಬೇಕು. ಹೊಸ ಪೈಪು ಬಲ ಕೊಡುವ ವೇಗದಲ್ಲಿಯೇ ಎಂಜಿನ್ ನಿಲ್ಲುವಂತೆ ಕ್ಲಚ್ಚಿನ ತೂಕಗಳನ್ನೂ ಸ್ಪ್ರಿಂಗುಗಳನ್ನೂ ಸರಿಹೊಂದಿಸಬೇಕು. ಇಷ್ಟನ್ನೂ ಮಾಡಿದವನಿಗೆ ನಿಜವಾದ ಲಾಭವುಂಟು.

ಇಷ್ಟು ಶ್ರಮವನ್ನು ಬಯಸದವನು ತುದಿಯ ಸೈಲೆನ್ಸರ್ ಡಬ್ಬಿಯನ್ನು ಮಾತ್ರ ಬದಲಿಸುತ್ತಾನೆ. ಗಾಡಿ ಒಂದಿಷ್ಟು ಹಗುರವಾದೀತು. ಬಲದ ಹೆಚ್ಚಳ ಮಾತ್ರ ಅತ್ಯಲ್ಪ. ಸದ್ದೋ, ಕಣಿವೆಗೆಲ್ಲ ಕೇಳಿಸುವಷ್ಟು. ಕಿವಿ ಮೋಸಹೋಗಿ, ಸದ್ದನ್ನೇ ಶಕ್ತಿಯೆಂದು ಎಣಿಸುತ್ತದೆ. ತುಂಬಿದ ಕೊಡ ತುಳುಕುವುದಿಲ್ಲವೆಂಬ ನಮ್ಮ ಗಾದೆ ಯಂತ್ರಕ್ಕೂ ಸಲ್ಲುವುದೆಂದು ಯಾರು ತಾನೆ ಎಣಿಸಿದ್ದರು?

ಇದನ್ನು ತರುಣರ ಹುಡುಗಾಟವೆಂದು ನಕ್ಕು ಬಿಡುವಂತಿಲ್ಲ. ಉತ್ತರ ಅಮೆರಿಕದಲ್ಲಿ ಸ್ನೋಮೊಬೈಲುಗಳು ಓಡುವ ದಾರಿಗಳಲ್ಲಿ ಬಹುಪಾಲು ರೈತರ ಹೊಲಗಳನ್ನೂ ಖಾಸಗಿ ಕಾಡುಗಳನ್ನೂ ಹಾಯ್ದುಹೋಗುತ್ತವೆ. ಒಡೆಯನ ಒಪ್ಪಿಗೆಯೇ ಅಲ್ಲಿ ಆಧಾರ. ನಡುರಾತ್ರಿ ಮನೆಮಂದಿಯ ನಿದ್ದೆ ಕೆಡಿಸಿದ ಒಬ್ಬನ ದೆಸೆಯಿಂದ ಒಡೆಯನು ಬೇಲಿ ಹಾಕಿದರೆ, ಸಂಭಾವಿತರಾದ ನೂರು ಮಂದಿಗೂ ದಾರಿ ತಪ್ಪಿತು. ಹಳೆಯ ರೈಲುದಾರಿಯ ಮೇಲೆ ಹಾದುಹೋಗುವ ಕ್ವಿಬೆಕ್ಕಿನ ಪೆತಿ ತ್ರೆನ್ ದು ನಾರ್ ಹಾದಿಯ ಪಕ್ಕದ ನಿವಾಸಿಗಳು ಸದ್ದು, ಹೊಗೆಗಳ ವಿರುದ್ಧ ದಾವೆ ಹೂಡಿದರು. 2004ರಲ್ಲಿ ನ್ಯಾಯಾಲಯವು ಆ ಹಾದಿಯ ಒಂದು ಭಾಗದಲ್ಲಿ ಸ್ನೋಮೊಬೈಲನ್ನೇ ನಿಷೇಧಿಸಿತು.

ಅಮೆರಿಕದ ಯೆಲೋಸ್ಟೋನ್ ರಾಷ್ಟ್ರೀಯ ಉದ್ಯಾನದ ಬಾಗಿಲಲ್ಲಿಯೂ ಒಂದು ಕಾಲಕ್ಕೆ ಹೊಗೆ ಎಷ್ಟು ದಟ್ಟವಾಗಿದ್ದಿತೆಂದರೆ, ಸುಂಕದ ಗೂಡಿನ ಸಿಬ್ಬಂದಿಗೆ ಹೊರಗಿನಿಂದ ಶುದ್ಧ ಗಾಳಿಯನ್ನು ಪಂಪು ಮಾಡಬೇಕಾಯಿತು. ಆ ಪ್ರಾಂತದಲ್ಲಿಯೇ, 2000ದಲ್ಲಿ, ಕಾಲೇಜು ವಿದ್ಯಾರ್ಥಿಗಳಿಗಾಗಿ ಕ್ಲೀನ್ ಸ್ನೋಮೊಬೈಲ್ ಚಾಲೆಂಜ್ ಎಂಬ ಸ್ಪರ್ಧೆ ಮೊದಲಾಯಿತು. ಅಲ್ಲಿಯೂ ಗಾಡಿಯನ್ನು ಬದಲಿಸುವುದೇ ಆಟ. ಆದರೆ ವೇಗವೊಂದೇ ಸಾಲದು, ಹೊಗೆಯೂ ಸದ್ದೂ ತಗ್ಗಬೇಕು.

ಮೆಚ್ಚಬೇಕಾದ ಕೈಚಳಕ ಇದು. ಸದ್ದು ಹೆಚ್ಚಿಸುವುದಕ್ಕೆ ಒಂದು ಸ್ಪ್ಯಾನರು ಸಾಕು. ಬಲವನ್ನು ಉಳಿಸಿಕೊಂಡೇ ಸದ್ದನ್ನು ತಗ್ಗಿಸುವುದಕ್ಕೆ ಲೆಕ್ಕ ಬೇಕು, ತಾಳ್ಮೆ ಬೇಕು, ಪಕ್ಕದ ಮನೆಯಲ್ಲಿ ಜನರಿದ್ದಾರೆಂಬ ನೆನಪೂ ಬೇಕು. ಹಿಮದಲ್ಲಿ ಒಂಟಿಯಾದ ಮನೆಗೆ ನೆರವು ಮುಟ್ಟಲೆಂದು ದುಡಿದವನ ಯಂತ್ರ ಅದೇ ಮನೆಯ ಬಾಗಿಲಲ್ಲಿ ಪೀಡೆಯೆನಿಸಿಕೊಳ್ಳಬಾರದಷ್ಟೆ.