ರಾಜೀನಾಮೆ ಬರೆಸಿಕೊಂಡರೆ ಹಕ್ಕೂ ಹೋಯಿತೇ?

ಮಾದನಾಯಕನಹಳ್ಳಿಯಿಂದ ಪೀಣ್ಯದವರೆಗಿನ ತುಮಕೂರು ರಸ್ತೆಯ ಕಾರ್ಖಾನೆಗಳಲ್ಲಾಗಲಿ, ವೈಟ್‌ಫೀಲ್ಡ್‌ನ ಐಟಿ ಕಚೇರಿಗಳಲ್ಲಾಗಲಿ ನೌಕರರಿಗೆ ಈ ದೃಶ್ಯ ಅಪರಿಚಿತವಲ್ಲ. ಮೊದಲು ಕೆಲಸ ಕಿತ್ತುಕೊಳ್ಳುತ್ತಾರೆ ಅಥವಾ ದೂರದ ಊರಿಗೆ ವರ್ಗ ಮಾಡುತ್ತಾರೆ. ನಂತರ ಒಂದು ದಿನ ಕೋಣೆಗೆ ಕರೆದು, ‘ವೈಯಕ್ತಿಕ ಕಾರಣಗಳಿಂದ’ ಎಂದು ಮೊದಲೇ ಟೈಪ್ ಮಾಡಿದ ಹಾಳೆಗೆ ಸಹಿ ಕೇಳುತ್ತಾರೆ. ‘ಜಗಳ ಯಾಕೆ, ಅನುಭವ ಪತ್ರ ಸಿಕ್ಕರೆ ಸಾಕು’ ಎಂದು ಮನೆಯ ಹಿರಿಯರೂ ಹೇಳುವುದುಂಟು.

ಸಂಸ್ಥೆಗೆ ಆ ಸಹಿ ಏಕೆ ಬೇಕು? ಒಂದು ವರ್ಷ ನಿರಂತರ ಸೇವೆ ಸಲ್ಲಿಸಿದ ಕಾರ್ಮಿಕನನ್ನು ಸಿಬ್ಬಂದಿ ಕಡಿತದಲ್ಲಿ ತೆಗೆಯುವುದಾದರೆ ಒಂದು ತಿಂಗಳ ನೋಟಿಸು ಅಥವಾ ಅದರ ಸಂಬಳ ಕೊಡಬೇಕು, ಪ್ರತಿ ವರ್ಷದ ಸೇವೆಗೆ 15 ದಿನಗಳ ವೇತನ ಪರಿಹಾರ ಕೊಡಬೇಕು, ಸರ್ಕಾರಕ್ಕೂ ತಿಳಿಸಬೇಕು. 2025ರ ನವೆಂಬರ್ 21ರಂದು ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆ ಇದರ ಮೇಲೆ ಮರುಕೌಶಲ ನಿಧಿಗೆ ಇನ್ನೂ 15 ದಿನಗಳ ವೇತನವನ್ನು ಸೇರಿಸಿದೆ. ರಾಜೀನಾಮೆಯಾದರೆ ಇವು ಯಾವುವೂ ಇಲ್ಲ. ಕರ್ನಾಟಕ ಸರ್ಕಾರ 2024ರ ಜೂನ್‌ನಲ್ಲಿ ಐಟಿ ಕಂಪನಿಗಳಿಗೆ ಸ್ಥಾಯಿ ಆದೇಶಗಳ ಕಾಯ್ದೆಯಿಂದ ವಿನಾಯಿತಿ ಮುಂದುವರಿಸಿದಾಗಲೂ ಇಲಾಖೆಗೆ ತಿಳಿಸಬೇಕೆಂದು ಹೇಳಿದ್ದು ಅಮಾನತು, ವಜಾ, ಹಿಂಬಡ್ತಿಯಂಥ ಕ್ರಮಗಳನ್ನು. ರಾಜೀನಾಮೆ ಎಂದು ಬರೆಸಿಕೊಂಡರೆ ಆ ಲೆಕ್ಕಕ್ಕೂ ಸಿಗುವುದಿಲ್ಲ.

ಆದರೆ ಸಹಿ ಇದ್ದ ಮಾತ್ರಕ್ಕೆ ಎಲ್ಲವೂ ಮುಗಿಯದು. ಒತ್ತಾಯದಿಂದ ಪಡೆದ ಒಪ್ಪಿಗೆಯನ್ನು ರದ್ದುಪಡಿಸಬಹುದು ಎಂಬುದು 1872ರ ಕರಾರು ಕಾಯ್ದೆಯಲ್ಲೇ ಇದೆ. ಮಧ್ಯಪ್ರದೇಶದ ಜಿಲ್ಲಾ ನ್ಯಾಯಾಧೀಶೆಯೊಬ್ಬರು, ಮಗಳ ಹನ್ನೆರಡನೇ ತರಗತಿಯ ನಡುವೆಯೇ ಗ್ವಾಲಿಯರ್‌ನಿಂದ ಸೀಧಿಗೆ ವರ್ಗ ಮಾಡಿದಾಗ 2014ರಲ್ಲಿ ರಾಜೀನಾಮೆ ಕೊಟ್ಟಿದ್ದರು. ಅದು ಸ್ವ-ಇಚ್ಛೆಯದ್ದಲ್ಲ ಎಂದು ಸುಪ್ರೀಂ ಕೋರ್ಟ್ 2022ರ ಫೆಬ್ರವರಿಯಲ್ಲಿ ಅವರನ್ನು ಮರುನೇಮಿಸಿತು. ಎಂಟು ವರ್ಷಗಳ ಸಂಬಳ ಮಾತ್ರ ಸಿಗಲಿಲ್ಲ.

ನಮ್ಮ ಹೈಕೋರ್ಟಿನಿಂದ ಮೇಲ್ಮನವಿಗೆ ಹೋದ ಇನ್ನೊಂದು ಪ್ರಕರಣ ಕೊಂಕಣ ರೈಲ್ವೆಯದ್ದು. ಅದರಲ್ಲಿ ಪ್ರಶ್ನೆ ಒತ್ತಾಯದ್ದಲ್ಲ, ರಾಜೀನಾಮೆ ಹಿಂಪಡೆಯುವುದರದ್ದು. ಇಪ್ಪತ್ತಮೂರು ವರ್ಷ ದುಡಿದ ನೌಕರ 2013ರ ಡಿಸೆಂಬರ್‌ನಲ್ಲಿ ಕೊಟ್ಟ ರಾಜೀನಾಮೆಯನ್ನು ಮುಂದಿನ ಮೇ ತಿಂಗಳಲ್ಲಿ ಹಿಂಪಡೆದರು. ಅಂಗೀಕಾರವಾಗಿದೆ ಎಂದು ಸಂಸ್ಥೆ ವಾದಿಸಿತಾದರೂ, ಅದು ನೌಕರನಿಗೆ ತಲುಪದ ಆಂತರಿಕ ಪತ್ರ ಎಂದ ಸುಪ್ರೀಂ ಕೋರ್ಟ್ 2024ರ ಸೆಪ್ಟೆಂಬರ್‌ನಲ್ಲಿ ಮರುನೇಮಕಕ್ಕೂ ಅರ್ಧ ಸಂಬಳಕ್ಕೂ ಆದೇಶಿಸಿತು.

ಎರಡೂ ಸಾರ್ವಜನಿಕ ಸೇವೆಯ ಪ್ರಕರಣಗಳು ಎಂಬುದನ್ನು ಮರೆಯಬಾರದು. ಖಾಸಗಿ ನೌಕರನ ದಾರಿ ಸಾಮಾನ್ಯವಾಗಿ ರಿಟ್ ಅರ್ಜಿಯದ್ದಲ್ಲ. ಕಾರ್ಮಿಕ ಇಲಾಖೆಯ ಸಂಧಾನಾಧಿಕಾರಿ, ಅಲ್ಲಿಂದ ನ್ಯಾಯಮಂಡಳಿ. ಒತ್ತಾಯವಿತ್ತೆಂದು ತೋರಿಸುವ ಹೊಣೆಯೂ ಅವನದೇ. ಆದ್ದರಿಂದ ಸಹಿಗಿಂತ ಸಹಿಯಾದ ದಿನ ಸಂಜೆ ಏನು ಮಾಡಿದ ಎಂಬುದೇ ಹೆಚ್ಚು ಮುಖ್ಯವಾಗುತ್ತದೆ. ‘ಒತ್ತಾಯದಿಂದ ಬರೆಸಿಕೊಂಡಿದ್ದಾರೆ, ಹಿಂಪಡೆಯುತ್ತಿದ್ದೇನೆ’ ಎಂದು ಅಂದೇ ಕಳಿಸಿದ ಇ-ಮೇಲ್ ಆರು ತಿಂಗಳ ನಂತರದ ವಕೀಲರ ನೋಟಿಸಿಗಿಂತ ಗಟ್ಟಿ. ಸಂದೇಶಗಳು, ವರ್ಗಾವಣೆ ಆದೇಶ, ಕೋಣೆಯಲ್ಲಿ ಯಾರಿದ್ದರು ಎಂಬ ಟಿಪ್ಪಣಿ, ಎಲ್ಲವನ್ನೂ ಕಚೇರಿಯ ಲ್ಯಾಪ್‌ಟಾಪ್ ಕೈತಪ್ಪುವ ಮೊದಲೇ ಇಟ್ಟುಕೊಂಡಿರಬೇಕು. ತಾಂತ್ರಿಕ ಕೆಲಸ ಮಾಡುವವರು ಸಂಬಳ ಹೆಚ್ಚಿದೆ ಎಂಬ ಒಂದೇ ಕಾರಣಕ್ಕೆ ಕಾರ್ಮಿಕರ ವ್ಯಾಖ್ಯೆಯಿಂದ ಹೊರಬೀಳುವುದಿಲ್ಲ. 18,000 ರೂಪಾಯಿಯ ಮಿತಿ ಇರುವುದು ಮೇಲ್ವಿಚಾರಕರಿಗೆ. ವ್ಯವಸ್ಥಾಪಕರು ಮಾತ್ರ ಸಿವಿಲ್ ನ್ಯಾಯಾಲಯದ ಕಡೆ ನೋಡಬೇಕಾಗುತ್ತದೆ.

ದುಡಿದ ಹಣದ ವಿಷಯ ಬೇರೆ. ರಾಜೀನಾಮೆಯಾದರೂ ಐದು ವರ್ಷ ತುಂಬಿದವರಿಗೆ ಗ್ರಾಚ್ಯುಟಿ ಉಂಟು, ಬಾಕಿ ವೇತನ ಎರಡು ಕೆಲಸದ ದಿನಗಳೊಳಗೆ ಕೈಸೇರಬೇಕು. ವಿವಾದವನ್ನು ಸಂಧಾನಕ್ಕೆ ಒಯ್ಯಲು ಹೊಸ ಸಂಹಿತೆಯಲ್ಲಿರುವ ಗಡುವು ಎರಡು ವರ್ಷ. ಬೆಂಗಳೂರಿನವರು ವಿಚಾರಿಸಬೇಕಾದದ್ದು ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನದಲ್ಲಿ.