ಕೆಲಸ ಕಲಿಸುವವರ ಪಾಡು

ದಸರೆ ದೀಪಾವಳಿಗಳು ಮುಗಿದ ಮೇಲೆ ವಿಜಯಪುರದಿಂದ ಟಿಕೋಟಾ ಮಾರ್ಗವಾಗಿ ಪಶ್ಚಿಮಕ್ಕೆ ಹೋಗುವ ಅಥಣಿ ರಸ್ತೆಯಲ್ಲಿ ಬೆಳಗಿನ ಹೊತ್ತು ನಿಂತು ನೋಡಿದವರಿಗೆ ಎರಡು ಬಗೆಯ ಪ್ರಯಾಣಿಕರು ಕಣ್ಣಿಗೆ ಬೀಳುವರು. ಹಾಸಿಗೆ ಸುತ್ತಿಕೊಂಡು, ಕೂಸುಗಳನ್ನು ಬಗಲಲ್ಲಿಟ್ಟುಕೊಂಡು, ಕಬ್ಬು ಕಡಿಯಲು ಗುಳೆ ಹೊರಟ ಸಂಸಾರಗಳು ಒಂದು ಬಗೆ. ಅರ್ಜಿಗಳ ಕಟ್ಟನ್ನು ಚೀಲದಲ್ಲಿಟ್ಟುಕೊಂಡು ಹಳ್ಳಿಗೂ ತಾಂಡಾಕ್ಕೂ ಹೊರಟ ಒಬ್ಬ ತರುಣನೋ ತರುಣಿಯೋ ಇನ್ನೊಂದು ಬಗೆ. ಒಬ್ಬರು ಊರು ಬಿಟ್ಟು ಹೋಗುವರು. ಇನ್ನೊಬ್ಬರು ಬರಿಗೈಯಿಂದ ಊರು ಬಿಡಬೇಡಿರೆಂದು ಹೇಳಲು ಹೋಗುವರು. ಗುಳೆಯ ಕುರಿತು ನಾವು ಅನೇಕ ಸಲ ಬರೆದಿರುವೆವು. ಉದ್ಯೋಗಶಿಕ್ಷಣದ ಸೇವಾಸಂಸ್ಥೆಗಳಲ್ಲಿ ದುಡಿಯುವ ಈ ಎರಡನೆಯವರ ಕುರಿತು ಬರೆದವರು ವಿರಳ.

ಈ ಕಾರ್ಯ ನಮ್ಮ ನಾಡಿಗೆ ಹೊಸತಲ್ಲ. 1982ರಲ್ಲಿ ಉಜಿರೆಯಲ್ಲಿ ಧರ್ಮಸ್ಥಳದ ಡಾ. ವೀರೇಂದ್ರ ಹೆಗ್ಗಡೆಯವರು ಸಿಂಡಿಕೇಟ್ ಮತ್ತು ಕೆನರಾ ಬ್ಯಾಂಕುಗಳ ಸಹಕಾರದಿಂದ ರುಡ್‌ಸೆಟ್ ಸಂಸ್ಥೆಯನ್ನು ಆರಂಭಿಸಿದರು. ಊಟ ವಸತಿಗಳೊಡನೆ ಉಚಿತವಾಗಿ ಕೆಲವು ವಾರ ಕೆಲಸ ಕಲಿಸಿ, ಆಮೇಲೆ ಬಹುಕಾಲ ಬೆನ್ನ ಹಿಂದೆ ನಿಲ್ಲುವದು ಅದರ ಪದ್ಧತಿ. ಅದರ ಶಾಖೆಯೊಂದು ವಿಜಯಪುರಕ್ಕೂ ಬಂದಿತು. ಆ ಮಾದರಿಯನ್ನು ಮೆಚ್ಚಿ ಕೇಂದ್ರ ಸರಕಾರವು 2009ರಲ್ಲಿ ಜಿಲ್ಲೆಗೊಂದು ಇಂಥ ಸಂಸ್ಥೆ ಇರಬೇಕೆಂದು ವಿಧಿಸಿತು. 2014ರಲ್ಲಿ ದೀನದಯಾಳ ಉಪಾಧ್ಯಾಯರ ಹೆಸರಿನ ಗ್ರಾಮೀಣ ಕೌಶಲ್ಯ ಯೋಜನೆಯೂ, 2015ರಲ್ಲಿ ಪ್ರಧಾನಮಂತ್ರಿ ಕೌಶಲ ವಿಕಾಸ ಯೋಜನೆಯೂ ಬಂದವು. ಯೋಜನೆಗಳಿಗೇನೂ ಕೊರತೆಯಿಲ್ಲ.

ಆದರೆ ಯೋಜನೆಯು ತಾನಾಗಿ ತಾಂಡಾದ ಗುಡಿಸಲ ಬಾಗಿಲಿಗೆ ನಡೆದು ಹೋಗಲಾರದು. ಹೋಗುವವನು ಮನುಷ್ಯ. ಅವನು ಮೊದಲು ಮಾತನಾಡಬೇಕಾದದ್ದು ಹುಡುಗಿಯೊಡನೆಯಲ್ಲ, ಅವಳ ಅಜ್ಜಿಯೊಡನೆ. “ಬೆಂಗಳೂರಾಗ ರಾತ್ರಿ ಎಲ್ಲಿ ಇರ್ತಾಳ? ಯಾರ ಜೋಡಿ ಇರ್ತಾಳ?” ಎಂಬ ಪ್ರಶ್ನೆಗೆ ಸುತ್ತೋಲೆಯಲ್ಲಿ ಉತ್ತರವಿರುವದಿಲ್ಲ. ಕೆಲವು ಮನೆಗಳಲ್ಲಿ ಮುಕಾದಮನ ಮುಂಗಡವು ಮೊದಲೇ ಬಂದು ಖರ್ಚಾಗಿರುವದು. ಅಲ್ಲಿ ಅವನು ಎಷ್ಟು ಹೇಳಿದರೂ ವ್ಯರ್ಥ. ಒಪ್ಪಿದ ಮನೆಗಳಲ್ಲಿ ಆಧಾರ್, ರೇಷನ್ ಕಾರ್ಡು, ಪಾಸ್‌ಬುಕ್ಕುಗಳಲ್ಲಿ ಹೆಸರು ಮೂರು ರೀತಿಯಾಗಿದ್ದರೆ ಅದನ್ನು ತಿದ್ದಿಸುವ ಅಲೆದಾಟವೂ ಅವನದೇ. ಶಿಕ್ಷಣ ಮುಗಿದು ಹುಡುಗನು ದೂರದ ಪಟ್ಟಣವನ್ನು ಸೇರಿದ ಮೇಲೆ, ಕೋಣೆಯ ಬಾಡಿಗೆಗೇ ಅರ್ಧ ಪಗಾರ ಹೋಯಿತೆಂದು ರಾತ್ರಿ ಹನ್ನೊಂದಕ್ಕೆ ಫೋನು ಮಾಡುವದು ಯೋಜನೆಗಲ್ಲ, ಇವನಿಗೆ. ಸ್ವಂತ ಅಂಗಡಿಯಿಡಲು ಹೊರಟ ಹುಡುಗಿಗೆ ಪ್ರಮಾಣಪತ್ರವಿದ್ದರೂ ಜಾಮೀನು ತಾ ಎಂದರೆ, ಬ್ಯಾಂಕಿನ ಮೆಟ್ಟಿಲು ಹತ್ತಿ ಕೈಮುಗಿಯುವವನೂ ಇವನೇ.

ಇಷ್ಟಾಗಿ ಇವನ ದುಡಿಮೆಯನ್ನು ಅಳೆಯುವದು ಹೇಗೆ? ತಲೆಗಳ ಎಣಿಕೆಯಿಂದ. 2014ರ ಆ ಯೋಜನೆಯ ನಿಯಮದಂತೆ ಕಲಿತವರಲ್ಲಿ ಶೇ. 70ರಷ್ಟು ಜನರಾದರೂ ನೌಕರಿಗೆ ಸೇರಿ, ಮೂರು ತಿಂಗಳು ನಿಲ್ಲತಕ್ಕದ್ದು. ಹಣವು ಕಂತುಕಂತಾಗಿ ಈ ಎಣಿಕೆಯ ಹಿಂದೆ ಬರುವದು. ಎಣಿಕೆಯೇ ಬೇಡವೆಂದು ನಾವು ಹೇಳಲಾರೆವು. ಹಾಜರಿ ಪುಸ್ತಕದಲ್ಲಿ ಮಾತ್ರ ಬದುಕಿರುವ ವಿದ್ಯಾರ್ಥಿಗಳನ್ನು ತೋರಿಸಿ ಸರಕಾರದ ಹಣವನ್ನು ನುಂಗುವವರು ಎಲ್ಲ ಕಾಲದಲ್ಲಿಯೂ ಹುಟ್ಟುವರು; ಲೆಕ್ಕ ಕೇಳುವ ಅಧಿಕಾರಿಯನ್ನು ದೂಷಿಸುವದು ನ್ಯಾಯವಲ್ಲ. ಆದರೆ ಎರಡನೆಯ ತಿಂಗಳಲ್ಲಿ ತಾಯಿಯ ಬೇನೆಗಾಗಿ ಊರಿಗೆ ಮರಳಿ, ತಾನು ಕಲಿತ ವಿದ್ಯೆಯಿಂದಲೇ ಟಿಕೋಟಾದಲ್ಲಿ ಪಂಪು ದುರಸ್ತಿ ಮಾಡಿ ಹೊಟ್ಟೆ ಹೊರೆಯುವ ತರುಣನು ಆ ಲೆಕ್ಕದಲ್ಲಿ ಸೋತವನು. ಒಲ್ಲದ ಊರಿನಲ್ಲಿ ಒಲ್ಲದ ಕೆಲಸವನ್ನು ಹೇಗೋ ತೊಂಬತ್ತು ದಿನ ಮಾಡಿ ತೊಂಬತ್ತೊಂದನೆಯ ದಿನ ಓಡಿಬಂದವನು ಗೆದ್ದವನು. ಇದೆಂಥ ಲೆಕ್ಕ? ಇದನ್ನು ಬಲ್ಲ ಕಾರ್ಯಕರ್ತನು ಪ್ರತಿ ತಿಂಗಳ ಕೊನೆಗೆ ತನ್ನ ಮನಸ್ಸಾಕ್ಷಿಗೂ ತನ್ನ ಕೋಷ್ಟಕಕ್ಕೂ ನಡುವೆ ನಿಲ್ಲಬೇಕಾಗುವದು. ಕಂತು ತಡವಾದರೆ ಅವನ ಪಗಾರವೂ ತಡ. ಇತರರಿಗೆ ಸ್ಥಿರವಾದ ನೌಕರಿ ಹುಡುಕಿಕೊಡುವ ಇವನ ಸ್ವಂತ ನೌಕರಿಯು ಅನೇಕ ಕಡೆ ಯೋಜನೆ ಇರುವವರೆಗಿನ ಕರಾರು ಮಾತ್ರ. ಆದುದರಿಂದಲೇ ಅನುಭವ ಮಾಗುವ ಹೊತ್ತಿಗೆ ಇಂಥವರು ಬೇರೆ ದಾರಿ ಹಿಡಿಯುವರು. ಅಜ್ಜಿಯ ಪ್ರಶ್ನೆಗೆ ಉತ್ತರ ಕೊಡಲು ಮರುವರ್ಷ ಹೊಸಬನೊಬ್ಬ ಬರುವನು.

ಇನ್ನೊಂದು ಮಾತು. ಈ ರಸ್ತೆಯ ಎಡಬಲಗಳಲ್ಲಿ ಇರುವದು ದ್ರಾಕ್ಷಿಯ ಸೀಮೆ. ವರ್ಷಕ್ಕೆ ಎರಡು ಸಲ, ಏಪ್ರಿಲ್ ಸುಮಾರಿಗೆ ಒಮ್ಮೆ, ಅಕ್ಟೋಬರ್ ಸುಮಾರಿಗೆ ಒಮ್ಮೆ, ಬಳ್ಳಿಗೆ ಚಾಟ್ನಿ ಮಾಡಬೇಕು; ಕಣ್ಣು ತಪ್ಪಿ ಕತ್ತರಿ ಆಡಿಸಿದರೆ ಆ ವರ್ಷದ ಫಲವೇ ಹೋಯಿತು. ಗೊನೆಗಳನ್ನು ದ್ರಾವಣದಲ್ಲಿ ಅದ್ದಿ, ಶೆಡ್ಡಿನ ಬಲೆಗಳ ಮೇಲೆ ನೆರಳಿನಲ್ಲಿ ಒಣಗಿಸಿ, ಬಣ್ಣ ಗಾತ್ರಗಳನ್ನು ನೋಡಿ ಬೇರ್ಪಡಿಸುವದು ಬಲ್ಲವರ ಕೆಲಸ. ಸುಮಾರು ನಾಲ್ಕು ಕಿಲೋ ಹಣ್ಣು ಒಣಗಿ ಒಂದು ಕಿಲೋ ಒಣದ್ರಾಕ್ಷಿಯಾಗುವಲ್ಲಿ ಅಜಾಗರೂಕತೆಯ ಬೆಲೆ ನಾಲ್ಕುಪಟ್ಟು. ಹನಿನೀರಾವರಿಯ ಕೊಳವೆ ಜೋಡಿಸುವವನೂ ಮೋಟರು ಕಟ್ಟುವವನೂ ಇಲ್ಲಿಯೇ ಬೇಕು. ಹೀಗಿರಲು ಟಿಕೋಟಾ, ಬಬಲೇಶ್ವರಗಳ ತರುಣರಿಗೆ ದೂರದ ಮಹಾನಗರದ ಮಳಿಗೆಯ ಕಾವಲುಗಾರನಾಗುವ ವಿದ್ಯೆಯನ್ನೇ ಮುಖ್ಯವಾಗಿ ಕಲಿಸಬೇಕೆ? ಕಾರ್ಯಕರ್ತರನ್ನು ಕೇಳಿದರೆ ಇದನ್ನು ಮೊದಲೇ ಹೇಳಿಯಾರು. ಅವರನ್ನು ಕೇಳುವ ರೂಢಿಯಿಲ್ಲ. ಅಂಕಿ ಕೇಳುವ ರೂಢಿಯುಂಟು. 1937ರ ವಾರ್ಧಾ ಪರಿಷತ್ತಿನಲ್ಲಿ ಗಾಂಧೀಜಿಯವರು ಕೈಕಸುಬನ್ನು ಶಿಕ್ಷಣದ ನಡುವಿಗೆ ತಂದದ್ದು ಇನ್ನೂ ನಮ್ಮ ಭಾಷಣಗಳಲ್ಲಿದೆ.

ಜಿಲ್ಲಾ ಪಂಚಾಯತಿಯ ಅಧಿಕಾರಿಗಳೂ ಅಗ್ರಣಿ ಬ್ಯಾಂಕಿನವರೂ ಮನಸ್ಸು ಮಾಡಿದರೆ ಆಗತಕ್ಕ ಕೆಲವು ಕಾರ್ಯಗಳಿವೆ. ಕಲಿತವರ ಬೆನ್ನ ಹಿಂದೆ ಎರಡು ವರ್ಷ ನಿಲ್ಲಬೇಕೆಂದು ಬ್ಯಾಂಕುಗಳ ಶಿಕ್ಷಣಸಂಸ್ಥೆಗಳಿಗೆ ನಿಯಮವಿದೆ. ಅದೇ ಕೆಲಸವನ್ನು ಮಾಡುವ ಇತರ ಸೇವಾಸಂಸ್ಥೆಗಳಿಗೂ ಅದನ್ನು ಅನ್ವಯಿಸಿ, ಆ ಎರಡು ವರ್ಷಗಳ ತಿರುಗಾಟದ ವೆಚ್ಚವನ್ನೂ ಕಾರ್ಯಕರ್ತನ ಪಗಾರವನ್ನೂ ಕಂತಿನ ಗೊಡವೆಯಿಲ್ಲದೆ ಕೊಡತಕ್ಕದ್ದು. ಊರಿನಲ್ಲಿಯೇ ಸ್ವಂತ ಕಸುಬು ಹಿಡಿದವನನ್ನೂ ಗೆದ್ದವರ ಪಟ್ಟಿಯಲ್ಲಿ ಬರೆಯತಕ್ಕದ್ದು. ಸಾಲದ ಅರ್ಜಿಗಳನ್ನು ಟಿಕೋಟಾದಲ್ಲಿಯೇ ಕುಳಿತು, ಆ ಕಾರ್ಯಕರ್ತನನ್ನು ಪಕ್ಕದಲ್ಲಿ ಕೂಡಿಸಿಕೊಂಡು ವಿಚಾರಿಸತಕ್ಕದ್ದು. ಇದೆಲ್ಲವೂ ದಸರೆಗೆ ಮುಂಚೆ ಆಗಬೇಕು. ಮುಕಾದಮನು ಮುಂಗಡದ ಹಣವನ್ನು ಹಿಡಿದುಕೊಂಡು ಊರೊಳಗೆ ಬರುವದು ಆ ಹೊತ್ತಿಗೇ, ಅವನು ಯಾರ ಬಳಿಯೂ ಪಾಸ್‌ಬುಕ್ಕನ್ನು ಕೇಳುವದಿಲ್ಲ.